ಕಲ್ಲು ಮುಟ್ಟದ ಶಿಲ್ಪಿಯೂ ನಮ್ಮಣ್ಣನ ತಗಡೂ

ನಮ್ಮಣ್ಣ ಕಾಶೀನಾಥ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವನು ಬಿಟ್ಟುಹೋದ ಆಸ್ತಿಯೆಂದರೆ ಡಬ್ಬಿಗಳು. ಬೀದರಿನ ಅವನ ಮನೆಯ ಹಿಂದಿನ ಖೋಲಿಯಲ್ಲಿ ನೆಲದಿಂದ ಜಂತಿಯವರೆಗೆ ಡಬ್ಬಿಗಳೇ. ಹಾಲಿನ ಪುಡಿಯ ಡಬ್ಬಿ, ಡಾಲ್ಡಾ ಡಬ್ಬಿ, ಬಿಸ್ಕೀಟಿನ ಡಬ್ಬಿ. ಒಂದೊಂದರ ತಳದಲ್ಲೂ ಒಣಗಿ ಕಲ್ಲಾದ ಬಣ್ಣ. ಆ ಬಣ್ಣದಲ್ಲಿ ಕಾಲು ಸಿಕ್ಕಿಸಿಕೊಂಡು ನೆಟ್ಟಗೆ ನಿಂತ ಒಂದೊಂದು ಬ್ರಷ್ಷು. ರದ್ದಿಯವನನ್ನು ಕರೆಸಿದೆವು. ಅವನು ಎರಡು ಡಬ್ಬಿ ಎತ್ತಿ ನೋಡಿ, "ಅಕ್ಕೋರೆ, ಇದನ್ನ ಹೇರಿದ್ರ ನನ್ನ ಗಾಡಿ ಮುರೀತದ. ನಿಮ್ಮಣ್ಣೋರು ಡಬ್ಬ್ಯಾಗ ಬೀದರ ಕಿಲ್ಲಾನೇ ತುಂಬಿಟ್ಟಾರ" ಎಂದು ಕೈಮುಗಿದು ಹೋದ.

ಅವುಗಳ ನಡುವೆ ಒಂದೇ ಒಂದು ಬೇರೆ ಜಾತಿಯದು. ಜೋಳದ ರೊಟ್ಟಿಗಿಂತ ಎರಡು ಬೆರಳು ಅಗಲ, ಚಪ್ಪಟೆ, ಗುಂಡಗೆ. ಮುಚ್ಚಳದ ಅಂಚು ಒಂದು ಕಡೆ ಸೊಟ್ಟ. ಅಣ್ಣ ಅದರಲ್ಲಿ ಚೂಡಾ ಇಟ್ಟುಕೊಂಡು ತಿನ್ನುತ್ತಿದ್ದ. ತೆರೆದು ನೋಡಿದರೆ ಈಗಲೂ ಒಂದು ಹಿಡಿ ಉಳಿದಿತ್ತು. ಯಾರೂ ಇಲ್ಲದ್ದು ನೋಡಿ ನಾಲ್ಕು ಅವಲಕ್ಕಿ ಬಾಯಿಗೆ ಹಾಕಿಕೊಂಡೆ. ಟರ್ಪೆಂಟೈನ್ ರುಚಿ. ಅಣ್ಣ ಮುಟ್ಟಿದ ಎಲ್ಲ ತಿಂಡಿಗೂ ಅದೇ ರುಚಿ ಇರುತ್ತಿತ್ತು. ಅವನ ಮದುವೆಯ ಬುಂದೆಗೂ ಇತ್ತು.

ಅದು ಸಿನಿಮಾ ರೀಲಿನ ಡಬ್ಬಿ. ಆ ಸಿನಿಮಾ ನಾನು ನೋಡಿದ್ದೇನೆ. ನಮ್ಮ ಕಡೆ ಅದನ್ನು ನೋಡಿದವರು ಬಹಳ ಇಲ್ಲ. ನೋಡಿದವರಲ್ಲೂ ಹೆಚ್ಚಿನವರು ಹುಲಿ ಇದೆಯೆಂದು ಬಂದವರು. ಹುಲಿಯ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ನನ್ನ ತಪ್ಪು ಹೇಳಿಬಿಡಬೇಕು, ಇಲ್ಲದಿದ್ದರೆ ಈ ಬರಹದುದ್ದಕ್ಕೂ ಅದು ಗಂಟಲಲ್ಲಿ ಕೂತಿರುತ್ತದೆ. ಅಣ್ಣ ಸಿನಿಮಾ ಬ್ಯಾನರ್ ಬರೆಯುವ ಪೇಂಟರು. ಸಾವಿರಾರು ಮುಖ ಬರೆದವನು. ನಮ್ಮ ಅವ್ವನ ಮುಖ ಮಾತ್ರ ಅವನಿಂದ ಬರೆಯಲಾಗಲಿಲ್ಲ. ಅವ್ವನದು ಒಂದೂ ಫೋಟೋ ಇಲ್ಲ. ಖೋಲಿಯ ಮೂಲೆಯಲ್ಲಿ ಚೌಕಟ್ಟಿಗೆ ಬಡಿದ ಒಂದು ತಗಡು ಇದೆ. ಅದರ ಮೇಲೆ ಹಸಿರು ಸೀರೆ ಇದೆ, ಕೆಂಪು ಅಂಚಿದೆ, ಕುತ್ತಿಗೆಯಲ್ಲಿ ಕರಿಮಣಿ ಇದೆ, ತಲೆಯ ಮೇಲೆ ಸೆರಗಿದೆ. ಸೆರಗಿನೊಳಗೆ ಬರಿ ಬಿಳಿ ಬಣ್ಣ. ಅಣ್ಣನ ಮಗಳು ಸುಜಾತಾ, ಬೀದರಿನಲ್ಲೇ ಸಾಲಿ ಮಾಸ್ತರಣಿ, ಬರುವ ಬುದ್ಧ ಪೂರ್ಣಿಮೆಗೆ ಅಪ್ಪನ ಫೋಟೋದ ಪಕ್ಕ ಅಜ್ಜಿಯ ಚಿತ್ರವನ್ನೂ ತೂಗುಹಾಕಬೇಕೆಂದು ಹಟ ಹಿಡಿದಿದ್ದಾಳೆ. "ಅತ್ತಿ, ಅಜ್ಜಿ ಮಾರಿ ನೋಡಿದವರು ಈಗ ನೀವೊಬ್ಬರೇ ಉಳದೀರಿ. ನೀವು ಹೇಳ್ರಿ, ಯಾರ ಕಡಿಂದರೆ ತೆಗಸ್ತೇನಿ" ಎಂದು ದಿನಾ ಫೋನು.

ಅವ್ವನ ಮುಖ ನನಗೆ ನೆನಪಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಣ್ಣನಿಗಂತೂ ಬೇಕೆಂದೇ ಹೇಳಿರಲಿಲ್ಲ. ಅವನು ಪ್ರತಿ ವರ್ಷ ಕೇಳುತ್ತಿದ್ದ, ನಾನು ಪ್ರತಿ ವರ್ಷ ಸುಳ್ಳು ಹೇಳುತ್ತಿದ್ದೆ.

ನನ್ನ ಓದು ಏಳನೆಯ ಇಯತ್ತೆ. ಭಾಲ್ಕಿಯ ಅಂಗನವಾಡಿಯಲ್ಲಿ ಪರರ ಮಕ್ಕಳ ಮೂಗು ಒರೆಸಿ ಒರೆಸಿ ರಿಟೈರಾದವಳು. ಸಿನಿಮಾದ ಬಗ್ಗೆ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಆ ಸಿನಿಮಾದ ಬಗ್ಗೆ ಅಧಿಕಾರದಿಂದ ಮಾತಾಡಿದವರು ಏನು ಮಾತಾಡಿದರೆಂದು ಕೇಳಿದ ಮೇಲೆ ನನಗೆ ಧೈರ್ಯ ಬಂದಿದೆ.

ಅದು ದೊಡ್ಡ ಬರದ ವರ್ಷ. ನಮ್ಮೂರು ಔರಾದ ಕಡೆಯ ಒಂದು ಹಳ್ಳಿ. ಬಾವಿಯಲ್ಲಿ ನೀರಿಗಿಂತ ಬಿಂದಿಗೆಯೇ ಹೆಚ್ಚು ಕಾಣುತ್ತಿದ್ದ ಕಾಲ. ಸರಕಾರ ಎಲ್ಲಿಂದಲೋ ತರಿಸಿದ ಕೆಂಪು ಜೋಳ ಹಂಚುತ್ತಿತ್ತು. ಅದರ ರೊಟ್ಟಿ ಬಡಿದರೆ ಅಂಚು ಹರಿಯುತ್ತಿತ್ತು, ತಿಂದರೆ ಹಲ್ಲು ನೋಯುತ್ತಿತ್ತು. ನಮ್ಮ ಅವ್ವ ಅದಕ್ಕೆ ಮಣ್ಣಿನ ಬಿಸ್ಕೀಟು ಎಂದು ಹೆಸರಿಟ್ಟಿದ್ದಳು. ಊರಿನ ಅರ್ಧ ಜನ ಹೈದರಾಬಾದಿಗೆ, ಇನ್ನರ್ಧ ಮುಂಬೈ ಪುಣೆಗೆ. ಅಪ್ಪ ಅವ್ವ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟರು. ನನಗೆ ಆಗ ಒಂಬತ್ತು ವರ್ಷ. ಸಾಲಿ ತಪ್ಪಬಾರದೆಂದು ನನ್ನನ್ನು ಬೀದರಿನಲ್ಲಿ ಅಣ್ಣನ ಖೋಲಿಯಲ್ಲಿ ಬಿಟ್ಟು ರೈಲು ಹತ್ತಿದರು.

ಅಣ್ಣ ಆಗ ಇಪ್ಪತ್ತರವನು. ಟಾಕೀಜಿನ ಹಿತ್ತಲಲ್ಲಿ ಅವನ ಕಾರ್ಖಾನೆ. ಬ್ಯಾನರಿನ ಬಟ್ಟೆ ನೆಲಕ್ಕೆ ಹಾಸಿ, ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಬರೆಯುತ್ತಿದ್ದ. ಹೀರೋನ ಎದೆಯ ಮೇಲೆ ಕೂತು ಹೀರೋಯಿನ್ನಿನ ಕೆನ್ನೆಗೆ ಬಣ್ಣ ಹಚ್ಚುತ್ತಿದ್ದ. ಮುಖ ಎಂದರೆ ಅವನಿಗೆ ಒಂದು ಲೆಕ್ಕವಿತ್ತು. ಕೆನ್ನೆಗೆ ಗುಲಾಬಿ, ಗದ್ದದ ಕೆಳಗೆ ನೀಲಿ, ರೆಪ್ಪೆಯ ಮೇಲೆ ಹಸಿರು. ಖಳನಾಯಕನಿಗೆ ಗುಲಾಬಿ ಕಡಿಮೆ, ಹಸಿರು ಹೆಚ್ಚು. ನಮ್ಮ ಓಣಿಯ ವಿಹಾರಕ್ಕೆ ಒಮ್ಮೆ ಬುದ್ಧನನ್ನು ಬರೆದುಕೊಟ್ಟ. ಧ್ಯಾನಕ್ಕೆ ಕೂತ ಬುದ್ಧನ ರೆಪ್ಪೆಯ ಮೇಲೆ ಹಸಿರು, ತುಟಿಯ ಮೇಲೆ ಲಿಪ್ಸ್ಟಿಕ್ಕು. ಹಿರಿಯರು ಬಹಳ ಹೊತ್ತು ನೋಡಿ, "ಕಾಶ್ಯಾ, ಬುದ್ಧ ಅರಮನಿ ಬಿಟ್ಟು ಹೋಗೂದಕಿಂತ ಮೊದಲಿನ ಚಿತ್ರ ಇದು ಅಂತ ತಿಳ್ಕೋತೇವಪ" ಎಂದು ಒಪ್ಪಿಕೊಂಡರು.

ಬರದಲ್ಲಿ ಟಾಕೀಜೂ ಬತ್ತಿತು. ಸಿನಿಮಾ ನೋಡುವವರೆಲ್ಲ ಹೈದರಾಬಾದಿನಲ್ಲಿ ಇಟ್ಟಂಗಿ ಹೊರುತ್ತಿದ್ದರು. ಹೇಗೂ ಖಾಲಿ ಬಿದ್ದ ಟಾಕೀಜು ಎಂದು ಮಾಲಕರು, ಕಾಲೇಜಿನ ಇಂಗ್ಲಿಷ್ ಪ್ರೊಫೆಸರರು ಕೇಳಿದ ಕೂಡಲೆ ಒಂದು ರವಿವಾರದ ಮುಂಜಾನೆಯ ಆಟಕ್ಕೆ ಬಿಟ್ಟುಕೊಟ್ಟರು. ಪ್ರೊಫೆಸರರು ಧಾರವಾಡದ ಕಡೆಯವರು, ಒಳ್ಳೆಯವರು. ಬೀದರಿಗೆ ಜಗತ್ತಿನ ದೊಡ್ಡ ಸಿನಿಮಾ ತೋರಿಸಬೇಕೆಂದು ಅವರಿಗೊಂದು ಹುಚ್ಚು. ಹೈದರಾಬಾದಿನಿಂದ ಒಂದು ಹಳೆಯ ಪರದೇಶದ ಸಿನಿಮಾ ತರಿಸುವುದೆಂದು ಗೊತ್ತಾಯಿತು. ಬ್ಯಾನರ್ ಬೇಕು ಎಂದು ಅಣ್ಣನ ಹತ್ತಿರ ಬಂದರು. ನಾನು ಅಲ್ಲೇ ಕೂತು ಮಗ್ಗಿ ಬರೆಯುತ್ತಿದ್ದೆ.

"ಹೀರೋ ಯಾರ್ರಿ ಸರ?" ಅಣ್ಣ ಕೇಳಿದ.

"ಹೀರೋ ಅಂತ ಯಾರಿಲ್ಲಪ. ಒಬ್ಬ ಶಿಲ್ಪಿ ಇದ್ದಾನ."

"ಹೀರೋಯಿನ್ನು?"

"ನಾಕೈದು ಮಂದಿ ಹೆಂಗಸರಿದ್ದಾರ. ಆದ್ರ ಅವರು ಖರೇನೋ, ಅವನ ಕನಸೋ ತಿಳಿಯೂದಿಲ್ಲ."

"ಫೈಟಿಂಗು?"

"ಇಲ್ಲ."

"ಹಾಡು?"

"ಅದೂ ಇಲ್ಲ."

"ಮತ್ತ ಆ ಶಿಲ್ಪಿ ಏನ್ ಮಾಡ್ತಾನ್ರಿ?"

"ಏನೂ ಮಾಡೂದಿಲ್ಲ. ಊರವರು ಮೂರ್ತಿ ಮಾಡು ಅಂದಾರ. ಚೌಕದಾಗ ಕಟ್ಟಿ ಕಟ್ಯಾರ, ಕಲ್ಲು ತಂದು ಹಾಕ್ಯಾರ. ಇವಗ ಕೆಲಸ ಬರವಲ್ದು. ಒಳಗ ಎಲ್ಲಾ ಬತ್ತಿಬಿಟ್ಟದ. ಅದೇ ಸಿನಿಮಾ."

"ಎಷ್ಟು ತಾಸ್ರಿ?"

"ಎರಡೂವರಿ ತಾಸು."

ಅಣ್ಣ ಬ್ರಷ್ಷನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಯೋಚಿಸಿದ. "ಸರ, ಬತ್ತೂದು ನೋಡ್ಲಿಕ್ಕ ಟಾಕೀಜಿಗೆ ಯಾಕ ಬರ್ಬೇಕ್ರಿ? ಊರಾಗ ಬಾವಿ ಅವ."

ಪ್ರೊಫೆಸರರು ನಕ್ಕರು. ಆದರೆ ಬ್ಯಾನರ್ ಬೇಕೇ ಬೇಕು ಎಂದರು. ಫೋಟೋ ಇಲ್ಲ, ಏನಿಲ್ಲ. ಹೇಳಿದ್ದು ಕೇಳಿ ಬರೆಯಬೇಕು. ಅಣ್ಣ ಸುತ್ತಿಗೆ ಹಿಡಿದ ಕಟ್ಟುಮಸ್ತಾದ ಒಬ್ಬ ಗಂಡಸನ್ನು ಬರೆದ. ಅವನ ತೋಳಿನ ಹತ್ತಿರ ಒಬ್ಬ ಹೀರೋಯಿನ್ನು. ಇನ್ನೂ ಜಾಗ ಉಳಿಯಿತು. ಅಣ್ಣನಿಗೆ ಒಂದು ನಿಯಮವಿತ್ತು. ಸಿನಿಮಾ ಹೇಗಿದೆಯೋ ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಒಂದು ಹುಲಿ ಬರೆದುಬಿಡುವುದು. ಹಾಗೆಯೇ ಬರೆದ. ಬಾಯಿ ತೆರೆದು ಆ ಶಿಲ್ಪಿಯ ಮೇಲೆ ಹಾರುತ್ತಿರುವ ಹುಲಿ. ಪ್ರೊಫೆಸರರು ಬಂದು ನೋಡಿ ಗಾಬರಿಯಾದರು.

"ಕಾಶೀನಾಥ, ಸಿನಿಮಾದಾಗ ಹುಲಿ ಇಲ್ಲೋ!"

"ಇರ್ಲಿ ಬಿಡ್ರಿ ಸರ. ಅವನ ಒಳಗಿರೂ ಹುಲಿ ಅಂತ ಹೇಳ್ರಿ."

ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನಾನು ನನ್ನ ಕಣ್ಣಾರೆ ಕಂಡಿದ್ದೇನೆ.

ರವಿವಾರ ಬಂತು. ಹುಲಿಯ ಸುದ್ದಿ ಕಮಠಾಣದವರೆಗೂ ಹೋಗಿತ್ತು. ಕಾಲೇಜಿನವರು ಮುಂದಿನ ಸಾಲಿನಲ್ಲಿ, ಹುಲಿಯವರು ಹಿಂದೆ. ನಾನು ಅಣ್ಣನ ಪಕ್ಕ. ಅಣ್ಣ ಸಿನಿಮಾ ನೋಡುವವನೇ ಅಲ್ಲ. ಬ್ಯಾನರ್ ಬರೆದ ಮೇಲೆ ಅದರೊಳಗೆ ಏನಿದ್ದರೆ ನನಗೇನು ಎನ್ನುವವನು. ಆವತ್ತು ಮಾತ್ರ ಪ್ರೊಫೆಸರರು ಕೈಹಿಡಿದು ಕೂರಿಸಿದ್ದರು.

ಕಪ್ಪು ಬಿಳುಪಿನ ಸಿನಿಮಾ. ಮೊದಲಿಗೇ ನಾಲ್ಕು ಜನ ಒಂದು ಸ್ನಾನದ ತೊಟ್ಟಿಯನ್ನು ಪಲ್ಲಕ್ಕಿಯ ಹಾಗೆ ಹೊತ್ತು ಬೀದಿಯಲ್ಲಿ ಬಂದರು. ತೊಟ್ಟಿಯೊಳಗೆ ಕೋಟು ಟೋಪಿ ಹಾಕಿಕೊಂಡ ಶಿಲ್ಪಿ. ನೀರು ಬೀದಿತುಂಬ ಚೆಲ್ಲುತ್ತಿತ್ತು. ಹಿಂದಿನಿಂದ ಒಬ್ಬ ಹೆಂಗಸು, "ಅಯ್ಯ, ನೀರು ನೋಡ್ರಿ ಹ್ಯಾಂಗ ಹಾಳು ಮಾಡ್ತಾರ!" ಎಂದು ಕೂಗಿದಳು. ಆ ಸಿನಿಮಾ ನೋಡಿ ಆವತ್ತು ಯಾರಿಗಾದರೂ ನಿಜವಾಗಿ ಸಂಕಟವಾಗಿದ್ದರೆ ಅದು ಆ ಹೆಂಗಸಿಗೆ. ಆಮೇಲೆ ಊಟದ ಮೇಜಿನ ಮೇಲೆ ಒಂದು ಕುದುರೆ ಹತ್ತಿ ನಿಂತಿತು. ಯಾರೂ ಅದನ್ನು ಇಳಿಸಲಿಲ್ಲ, ಪಕ್ಕಕ್ಕೆ ಸರಿಸಿ ಊಟ ಮಾಡಿದರು. ಶಿಲ್ಪಿಯ ಸತ್ತ ಅಪ್ಪ ಬಂದು ನನ್ನ ಬೂಟು ಎಲ್ಲಿ ಎಂದು ಹುಡುಕಿ ಹೋದ. ಚೌಕದಲ್ಲಿ ಖಾಲಿ ಕಟ್ಟೆ. ಶಿಲ್ಪಿ ಅದನ್ನು ಸುತ್ತುತ್ತಾನೆ, ಸಿಗರೇಟು ಸೇದುತ್ತಾನೆ, ಮತ್ತೆ ಸುತ್ತುತ್ತಾನೆ. ಹೆಂಗಸರು ಒಬ್ಬೊಬ್ಬರೇ ಬಂದು ಕಟ್ಟೆಯ ಮೇಲೆ ಮೂರ್ತಿಯ ಹಾಗೆ ನಿಂತು, ಬೇಸರವಾಗಿ ಇಳಿದು ಹೋಗುತ್ತಾರೆ. ಕೊನೆಗೆ ಅವನು ಕಟ್ಟೆಗೆ ಒರಗಿ ನಿದ್ದೆಹೋದ.

ರೀಲು ಬದಲಾಯಿತು. ತೆರೆಯ ಮೇಲೆ ಕಮಲ ಅರಳಿತು. ಕಮಲದೊಳಗೆ ದೇವಿ ನಿಂತಿದ್ದಳು. ನಾಲ್ಕು ಕೈ, ದೊಡ್ಡ ಕುಂಕುಮ. ಮರಾಠಿಯಲ್ಲಿ ಹಾಡತೊಡಗಿದಳು.

ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಇಷ್ಟು ಹೊತ್ತಿಗಾದರೂ ಸಿನಿಮಾ ಶುರುವಾಯಿತಲ್ಲ ಎಂದು ಅವರಿಗೆ ಸಮಾಧಾನ. ಮುಂದಿನ ಸಾಲಿನ ಕಾಲೇಜಿನವರು ಪ್ರೊಫೆಸರರ ಮುಖ ನೋಡಿದರು. ಪ್ರೊಫೆಸರರು ಅಲುಗಾಡದೆ ತೆರೆಯನ್ನೇ ನೋಡುತ್ತಿದ್ದರು. ಅವರೂ ಆ ಸಿನಿಮಾವನ್ನು ನೋಡುತ್ತಿದ್ದುದು ಅದೇ ಮೊದಲು. ಅದರ ಬಗ್ಗೆ ಓದಿದ್ದರು ಅಷ್ಟೇ. ದೇವಿ ಒಬ್ಬ ರಾಕ್ಷಸನನ್ನು ಕೊಂದಳು, ಒಬ್ಬ ಕುಂಟನಿಗೆ ಕಾಲು ಕೊಟ್ಟಳು, ಮಳೆ ತರಿಸಿದಳು. ಮುಂದಿನ ರೀಲಿನಲ್ಲಿ ಶಿಲ್ಪಿ ಎದ್ದು ಕಣ್ಣುಜ್ಜಿಕೊಂಡ. ಲೆಕ್ಕ ಸರಿಯಾಯಿತು. ಕನಸು ಕಂಡಿದ್ದ.

ಆಟ ಮುಗಿದ ಮೇಲೆ ಪ್ರೊಫೆಸರರು ತೆರೆಯ ಮುಂದೆ ನಿಂತು ಅರ್ಧ ತಾಸು ಮಾತಾಡಿದರು. ಪಶ್ಚಿಮದ ಕಲಾವಿದನ ಒಳಗು ಬತ್ತಿಹೋದಾಗ ಅವನ ಕನಸಿನಲ್ಲಿ ಪೂರ್ವದ ತಾಯಿ ಬಂದು ಮಳೆ ಸುರಿಸುತ್ತಾಳೆ, ಆ ಭಾಗವನ್ನು ಮರಾಠಿಯಲ್ಲೇ ಇಟ್ಟಿರುವುದು ನಿರ್ದೇಶಕನ ಧೈರ್ಯ, ಎಂದರು. ಕೆಲವರು ಬರೆದುಕೊಂಡರು. ಹಿಂದಿನಿಂದ ಒಬ್ಬ ಮುದುಕ ಎದ್ದು, "ಎಲ್ಲಾ ಸರಿ ಅದರಿ ಸಾಹೇಬ್ರೆ, ಹುಲಿ ಎಲ್ಲದ?" ಎಂದು ಕೇಳಿದ.

"ಅದು ಅವನ ಒಳಗದ" ಎಂದರು ಪ್ರೊಫೆಸರರು.

"ಹೊರಗ ಬರೂದಿದ್ರ ಹೇಳಿ ಕಳಸ್ರಿ" ಎಂದು ಮುದುಕ ಟವೆಲು ಝಾಡಿಸಿಕೊಂಡು ಹೋದ.

ಆದದ್ದು ಇಷ್ಟೇ. ಆವತ್ತೇ ಭಾಲ್ಕಿಯ ಟೂರಿಂಗ್ ಟಾಕೀಜಿನಲ್ಲಿ ದೇವಿಯ ಮರಾಠಿ ಸಿನಿಮಾ ಇತ್ತು. ಬರದಲ್ಲಿ ಬೇರೆ ಯಾವ ಸಿನಿಮಾ ನಡೆಯದಿದ್ದರೂ ಮಳೆ ತರಿಸುವ ದೇವರ ಸಿನಿಮಾಕ್ಕೆ ಜನ ಬರುತ್ತಿದ್ದರು. ಎರಡೂ ಸಿನಿಮಾದ ಡಬ್ಬಿಗಳು ಹೈದರಾಬಾದಿನಿಂದ ಒಂದೇ ಬಸ್ಸಿನ ಮೇಲೆ ಬಂದವು. ಚೀಟಿಗಳು ಹರಿದುಹೋಗಿದ್ದವು. ನಮ್ಮ ಟಾಕೀಜಿನ ಆಪರೇಟರ್ ಖಾಜಾಭಾಯಿ ಡಬ್ಬಿ ಎಣಿಸಿ ತನ್ನ ಪಾಲು ಇಳಿಸಿಕೊಂಡ, ಉಳಿದದ್ದು ಭಾಲ್ಕಿಗೆ ಬಿಟ್ಟ. ಅದರಲ್ಲಿ ಒಂದು ಆಚೀಚೆಯಾಯಿತು.

ಮಧ್ಯಾಹ್ನ ಅಣ್ಣನ ಕಾರ್ಖಾನೆಯಲ್ಲಿ ಕೂತು ಖಾಜಾಭಾಯಿ ಎದೆ ಬಡಿದುಕೊಂಡ. "ಕಮಲ ಅರಳಿದ ಕೂಡ್ಲೆ ನನ್ನ ಜೀವಾನೇ ಹೋಯ್ತು ಕಾಶೀಭಾಯಿ. ಬಂದ್ ಮಾಡಿದ್ರ ಪಬ್ಲಿಕ್ ಕುರ್ಚಿ ಮುರೀತದ. ಅಲ್ಲಾನ ಮ್ಯಾಲ ಭಾರ ಹಾಕಿ ಚಲಾಯಿಸಿಬಿಟ್ಟೆ. ಪ್ರೊಫೆಸರ್ ಸಾಬ್ ಬಂದು ನನ್ನ ಕೈ ಕುಲುಕಿ, ಬಹಳ ಛಲೋ ತೋರಿಸಿದ್ರಿ ಅಂದ್ರು. ಅವರ ಮುಂದ ಈಗ ಹ್ಯಾಂಗ ಹೇಳಲಿ?"

"ಹೇಳಬ್ಯಾಡ. ಪಾಪ, ಸಂತೋಷದಾಗ ಇದ್ದಾರ" ಎಂದ ಅಣ್ಣ. "ಭಾಲ್ಕ್ಯಾಗ ಏನಾತು?"

ಭಾಲ್ಕಿಯ ಆಪರೇಟರು ಖಾಜಾಭಾಯಿಯ ಮಾವನ ಮಗ. ಅವನ ಸುದ್ದಿ ಎರಡು ದಿನ ಬಿಟ್ಟು ಬಂತು. ಅಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು, ತೆಂಗಿನಕಾಯಿ ಸಿದ್ಧ ಇಟ್ಟುಕೊಂಡು ದೇವಿಗಾಗಿ ಕಾಯುತ್ತಿದ್ದರಂತೆ. ಬಂದದ್ದು ನಮಗೆ ತಪ್ಪಿಹೋದ ರೀಲು, ಅದರಲ್ಲೂ ಶಿಲ್ಪಿ ತೊಟ್ಟಿಯಲ್ಲೇ ಕೂತಿದ್ದ. ಒಬ್ಬ ಮುದುಕಿ, "ಇಂವಾ ಶಾಪ ತಗಲಿದ ರಾಕ್ಷಸ. ದೇವಿ ಇವನ ಕೈ ಕಟ್ಟಿಹಾಕ್ಯಾಳ, ನೋಡ್ರಿ ಏನೂ ಮಾಡ್ಲಿಕ್ಕ ಬರವಲ್ದು" ಎಂದಳಂತೆ. ಎಲ್ಲರಿಗೂ ಸರಿಯೆನಿಸಿತು. ಅವನು ತೊಟ್ಟಿಯಿಂದ ಇಳಿದಾಗ ಕಾಯಿ ಒಡೆದರು. ನಮ್ಮ ಪ್ರೊಫೆಸರರ ಭಾಷಣಕ್ಕಿಂತ ಆ ಮುದುಕಿಯ ವ್ಯಾಖ್ಯಾನವೇ ನಿಜಕ್ಕೆ ಹೆಚ್ಚು ಹತ್ತಿರವಾಗಿತ್ತೇನೋ ಎಂದು ನನಗೆ ಈಚೆಗೆ ಅನಿಸುತ್ತದೆ.

ರೀಲು ವಾಪಸು ಕಳಿಸುವಾಗ ಖಾಜಾಭಾಯಿ ಮುಚ್ಚಳ ಸೊಟ್ಟಗಾದ ಡಬ್ಬಿಯನ್ನು ಬದಲಿಸಿ, ಹಳೆಯದನ್ನು ಅಣ್ಣನ ಕೈಗೆ ಕೊಟ್ಟ. ಹಾಗೆ ಬಂದದ್ದು ಈ ಚೂಡಾದ ಡಬ್ಬಿ.

ಆ ಶಿಲ್ಪಿಯ ಮೇಲೆ ಅಣ್ಣನಿಗೆ ಬಂದ ಸಿಟ್ಟು ವಾರವಾದರೂ ಇಳಿಯಲಿಲ್ಲ. "ಕಲ್ಲು ಅದ, ಸುತ್ತಿಗಿ ಅದ, ಕೈ ಅದ. ಮತ್ತೇನ್ ಬೇಕು ಅವಗ? ನಮ್ಮೂರ ಬರಗಾಲದ ಕಾಮಗಾರಿಗೆ ಕಳಸ್ರಿ. ಗಿಟ್ಟಿಕಲ್ಲು ಒಡೀಲಿ, ಮುಕಾದಮ ಹಿಂದ ನಿಲ್ತಾನ. ಒಂದೇ ದಿನದಾಗ ಜಡ್ಡು ಬಿಡ್ತದ." ನಮ್ಮ ಮನೆಯಲ್ಲಿ ಅದಕ್ಕೆ ಶಿಲ್ಪಿ ಜಡ್ಡು ಎಂದೇ ಹೆಸರಾಯಿತು. ನಾನು ಮಗ್ಗಿ ಬರೆಯದಿದ್ದರೆ ಶಿಲ್ಪಿ ಜಡ್ಡು. ಸೀಮೆಎಣ್ಣೆಯ ಒಲೆ ಹೊತ್ತದಿದ್ದರೆ ಒಲೆಗೂ ಶಿಲ್ಪಿ ಜಡ್ಡು.

ಆ ನಗೆ ಮುಗಿಯುವ ಮೊದಲೇ ಅಪ್ಪ ಬಂದ. ಒಬ್ಬನೇ ಬಂದ. ಕೆಲಸದ ಜಾಗದಲ್ಲಿ ನೀರು ಕೆಟ್ಟು ವಾಂತಿಭೇದಿ ಹಬ್ಬಿತ್ತು, ಎರಡು ದಿನದಲ್ಲಿ ಅವ್ವ ಹೋದಳು, ಅಲ್ಲೇ ಮಣ್ಣು ಮಾಡಿದರು. ಅಪ್ಪನ ಗಂಟಿನಲ್ಲಿ ಅವಳ ಕರಿಮಣಿ ಇತ್ತು. ಅಷ್ಟೇ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮರುದಿನ ಅಣ್ಣ ಒಂದು ತಗಡು ತಂದು ಚೌಕಟ್ಟಿಗೆ ಬಡಿದ. ಬಿಳಿ ಬಣ್ಣ ಹಚ್ಚಿದ. ಒಂದೇ ಮುಂಜಾನೆಯಲ್ಲಿ ಸೀರೆ, ಅಂಚು, ಕರಿಮಣಿ, ಸೆರಗು ಎಲ್ಲ ಬರೆದ. ಆಮೇಲೆ ಮುಖ. ಬರೆದು, ಹಿಂದೆ ಸರಿದು ನೋಡಿದ. ಗುಲಾಬಿ ಕೆನ್ನೆ, ಹಸಿರು ರೆಪ್ಪೆ. ಹಿಂದಿನ ತಿಂಗಳು ಓಡಿದ ಸಿನಿಮಾದ ಹೀರೋಯಿನ್ನು ನಮ್ಮವ್ವನ ಸೀರೆ ಉಟ್ಟು ನಗುತ್ತಿದ್ದಳು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ಮತ್ತೆ ಬರೆದ. ಈ ಸಲ ಗುಲಾಬಿ ಬಿಟ್ಟ, ನೀಲಿ ಬಿಟ್ಟ. ಹೀರೋನ ಕುರುಡು ತಾಯಿ ಬಂದಳು. ಮತ್ತೆ ಒರೆಸಿದ.

"ಕಣ್ಣಿಗೆ ಬರ್ತಾಳ ಸುಂದ್ರಿ, ಕೈಗೆ ಬರವಲ್ಲಳು" ಎಂದ. ಸುಂದ್ರಿ ಎಂದರೆ ನಾನು, ಸುಂದ್ರಾಬಾಯಿ.

ಉಳಿದ ಕೆಲಸವೆಲ್ಲ ಅವನಿಗೆ ಎಂದಿನಂತೆ ಬರುತ್ತಿತ್ತು. ಬರ ಕಳೆಯಿತು, ಜನ ತಿರುಗಿ ಬಂದರು, ಟಾಕೀಜು ತುಂಬಿತು, ಅಣ್ಣ ಬ್ಯಾನರಿನ ಮೇಲೆ ಬ್ಯಾನರ್ ಬರೆದ. ಅವ್ವನ ತಗಡಿನ ಮುಂದೆ ಕೂತರೆ ಮಾತ್ರ ಶಿಲ್ಪಿ ಜಡ್ಡು. ಆ ಹೆಸರನ್ನು ಅವನ ಮುಂದೆ ನಾವು ಹೇಳುವುದನ್ನು ಬಿಟ್ಟೆವು. ಅವನೇ ಬಿಡಲಿಲ್ಲ. "ಆ ತೊಟ್ಟ್ಯಾಗಿನ ಮಗನಿಗೆ ಸುಮ್ಮನ ಬೈದೆ" ಎಂದು ನಗುತ್ತಿದ್ದ.

ನಾನು ಭಾಲ್ಕಿಗೆ ಮದುವೆಯಾಗಿ ಹೋದೆ. ಪ್ರತಿ ಬುದ್ಧ ಪೂರ್ಣಿಮೆಗೆ ಬೀದರಿಗೆ ಬರುತ್ತಿದ್ದೆ. ಊಟ ಆಗುತ್ತಿದ್ದಂತೆ ಅಣ್ಣ ತಗಡು ಎಳೆದು ತರುತ್ತಿದ್ದ. "ಸುಂದ್ರಿ, ಅವ್ವನ ಮೂಗು ಹ್ಯಾಂಗಿತ್ತು?"

ಮೊದಲ ವರ್ಷ ನಾನು ನಿಜವನ್ನೇ ಹೇಳಿದೆನೋ ಏನೋ. ನೆಟ್ಟಗಿತ್ತು ಎಂದೆ. ಮರುವರ್ಷ ಕೇಳಿದಾಗ ನೆಟ್ಟಗಿತ್ತೆಂದು ಹೇಳಿದ್ದೇ ಮರೆತು, ಸ್ವಲ್ಪ ಮೊಂಡ ಎಂದೆ. ಅಣ್ಣ ಎರಡನ್ನೂ ಬರೆದ, ಎರಡನ್ನೂ ಒರೆಸಿದ. ನನಗೆ ನೆನಪಿಲ್ಲ ಎಂದು ಆಗಲೇ ಹೇಳಬಹುದಿತ್ತು. ಆದರೆ ಅವ್ವನ ಸೆರಗು ಹಿಡಿದು ಬೆಳೆದ ಮಗಳು ನಾನು. ಅವನು ಸಣ್ಣವನಿದ್ದಾಗಲೇ ಬಣ್ಣದ ಕೆಲಸಕ್ಕೆಂದು ಬೀದರಿಗೆ ಹೋದವನು. ಅವನಿಗಿಂತ ನನಗೆ ಹೆಚ್ಚು ಗೊತ್ತಿರಬೇಕಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಒಮ್ಮೆ ನಾಚಿಕೆಪಟ್ಟ ಮೇಲೆ ಮುಂದಿನ ವರ್ಷ ಇನ್ನೂ ಹೆಚ್ಚು ನಾಚಿಕೆ.

ಹಾಗಾಗಿ ನಾನು ಕಂಡಕಂಡವರ ಮುಖ ಕದ್ದು ತರುತ್ತಿದ್ದೆ. ಒಂದು ವರ್ಷ ಕಮಲನಗರದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಗದ್ದ. ಒಂದು ವರ್ಷ ಬಸ್ ಕಂಡಕ್ಟರನ ಮೂಗು. ಗಂಡಸಾದರೂ ಮೂಗು ಚೆನ್ನಾಗಿತ್ತು. ಒಂದು ವರ್ಷ ಏನೂ ಹೊಳೆಯದೆ ನಮ್ಮ ಅತ್ತೆಯವರ ಕಣ್ಣು, ಹುಬ್ಬು, ತುಟಿಯ ಓರೆ ಎಲ್ಲ ಹೇಳಿಬಿಟ್ಟೆ. ಅಣ್ಣ ಬರೆಯುತ್ತ ಹೋದ. ನೋಡುನೋಡುತ್ತ ತಗಡಿನ ಮೇಲೆ ನಮ್ಮ ಅತ್ತೆ ಕಣ್ಣು ಬಿಟ್ಟರು. ನಾನು ಎದ್ದು ನಿಂತೆ, ತಲೆಯ ಮೇಲೆ ಸೆರಗು ಹೊದ್ದುಕೊಂಡೆ. ಅಣ್ಣ ಚಿತ್ರವನ್ನೂ ನನ್ನನ್ನೂ ನೋಡಿ, "ಈಕಿ ಯಾರೋ ಸಿಟ್ಟಿನ ಹೆಂಗಸು ಬಂದಾಳ" ಎಂದು ಒರೆಸಿದ. ಒರೆಸುವಾಗ ಅವನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆಂದು ತಿಳಿದು ನಾನು ಒಳಗೆ ಹೋದೆ.

ಕಾಲ ಹೋಯಿತು. ಟಾಕೀಜಿನ ಮುಂದೆ ಫ್ಲೆಕ್ಸ್ ಬಂತು. ಅಣ್ಣ ಗಾಡಿ ನಂಬರು, ಸಾಲಿಯ ಗೋಡೆ, ಹಾಲಿನ ಡೇರಿಯ ಎಮ್ಮೆ ಬರೆದು ಬದುಕಿದ. ಅಣ್ಣನ ಹೆಂಡತಿ, ನಮ್ಮ ವೈನಿ, ತೀರಿಕೊಂಡರು. ಸುಜಾತಾ ಕಲಿತು ನೌಕರಿ ಹಿಡಿದಳು. ಪೂರ್ಣಿಮೆಗೆ ಪ್ರಶ್ನೆ ಮಾತ್ರ ತಪ್ಪಲಿಲ್ಲ. ಹೋದ ವರ್ಷವೂ ಕೇಳಿದ. ವಯಸ್ಸಾಗಿ ಬ್ರಷ್ಷು ಹಿಡಿಯಲಾಗುತ್ತಿರಲಿಲ್ಲ, ಬರಿ ಕೇಳಿದ. ನಾನು ಒಂದು ತಾಸು ವರ್ಣಿಸಿದೆ. ಆಮೇಲೆ ಚಳಿಗಾಲದಲ್ಲಿ ಹೋದ.

ನಾನು ಇಷ್ಟನ್ನು ಬರೆಯಲು ಕಾರಣ, ನನ್ನಿಂದಲೇ ಅಣ್ಣನ ಕೈ ಕಟ್ಟಿಹೋಯಿತು ಎಂಬ ಮಾತು ಈ ನಾಲ್ಕು ತಿಂಗಳು ನನ್ನನ್ನು ಮಲಗಲು ಬಿಟ್ಟಿಲ್ಲ. ಒಂದು ವರ್ಷ ಬಾಯಿಬಿಟ್ಟು ನೆನಪಿಲ್ಲ ಎಂದಿದ್ದರೆ, ಅವನು ತನ್ನ ಕಣ್ಣಿಗೆ ಬಂದದ್ದನ್ನೇ ಧೈರ್ಯವಾಗಿ ಬರೆಯುತ್ತಿದ್ದನೇನೋ. ನಾನು ವರ್ಷಕ್ಕೊಂದು ಮೂಗು ತಂದು ಅದನ್ನು ಕೆಡಿಸಿದೆ.

ಹೋದ ರವಿವಾರ ಸುಜಾತಾ ತಗಡನ್ನು ಒರೆಸಿ ಅಂಗಳಕ್ಕೆ ತಂದಳು. ಚಹಾ ಕೊಟ್ಟಳು. ಸಾಲಿಯ ವಹಿ ತೆರೆದು, ಪೆನ್ಸಿಲು ಹಿಡಿದು ನನ್ನ ಮುಂದೆ ಕೂತಳು.

"ಹೇಳ್ರಿ ಅತ್ತಿ. ಮೂಗಿನಿಂದ ಶುರು ಮಾಡೋಣ."

ಬಾಯಿಗೆ ಒಂದು ಮೂಗು ಬಂದೇಬಿಟ್ಟಿತ್ತು. ಎದುರು ಮನೆಯವಳದು. ನುಂಗಿಕೊಂಡೆ.

"ನನಗ ನೆನಪಿಲ್ಲವ" ಎಂದೆ. "ಯಾವಾಗಿನಿಂದಲೂ ಇಲ್ಲ. ನಿಮ್ಮಪ್ಪಗ ನಾ ಹೇಳಿದ್ದೆಲ್ಲಾ ಸುಳ್ಳು."

ಸುಜಾತಾ ಪೆನ್ಸಿಲು ಕೆಳಗಿಟ್ಟಳು. ಅಳುತ್ತಾಳೋ, ಬೈಯುತ್ತಾಳೋ ಎಂದು ನಾನು ಕಪ್ಪನ್ನು ನೋಡುತ್ತ ಕೂತೆ. ಅವಳು ನಕ್ಕಳು.

"ಅಪ್ಪಗ ಗೊತ್ತಿತ್ತು ಅತ್ತಿ."

"ಏನು ಗೊತ್ತಿತ್ತು?"

"ಎಲ್ಲಾ. ನೀವು ಭಾಲ್ಕಿ ಬಸ್ ಹತ್ತಿದ ಮ್ಯಾಲ ನಗೂದೇ ನಗೂದು. ಈ ವರ್ಷ ನಿಮ್ಮತ್ತಿ ನಮ್ಮವ್ವಗ ಕಂಡಕ್ಟರನ ಮೂಗು ಹಚ್ಚಿ ಹೋದ್ಲು ನೋಡು ಅಂತಿದ್ದ. ನಿಮ್ಮ ಗಂಡನ ಅವ್ವನ ಚಿತ್ರ ಬಂದಿತ್ತಲ್ಲ, ಆವತ್ತಂತೂ ಹೊಟ್ಟಿ ಹಿಡಕೊಂಡು ಉಳ್ಳಾಡಿದ."

"ಗೊತ್ತಿದ್ದೂ ಯಾಕ ಕೇಳ್ತಿದ್ದ?"

"ನಾನೂ ಅದೇ ಕೇಳಿದೆ. ಸುಂದ್ರಿ ಬ್ಯಾರೆ ಯಾವಾಗಲೂ ಅವ್ವನ ಹೆಸರು ತಗಿಯೂದಿಲ್ಲ, ಮೂಗು ಕೇಳಿದ್ರ ಒಂದು ತಾಸು ಮಾತಾಡ್ತಾಳ, ಸುಳ್ಳರೆ ಆಗಲಿ ಅಂದ."

ಚಹಾ ಆರಿತು. ಸುಜಾತಾ ಹತ್ತಿರ ಸರಿದು ಕೂತಳು.

"ಖರೇ ಏನರೆ ನೆನಪದೇನ್ರಿ? ಒಂದರೆ?"

"ಬೈದದ್ದು ನೆನಪದ" ಎಂದೆ.

ಅದು ನಿಜ. ಅವರು ಹೈದರಾಬಾದಿಗೆ ಹೊರಟ ದಿನ ಬೀದರ ಸ್ಟೇಶನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟುಮೂಟೆ, ಕೋಳಿ, ಮುದುಕರು. ಅಣ್ಣ ಕೆಲಸದಿಂದ ಹಾಗೇ ಓಡಿಬಂದಿದ್ದ. ಅವ್ವನನ್ನು ರೈಲಿನ ಡಬ್ಬಿಗೆ ಹತ್ತಿಸುವಾಗ ಹಿಂದಿನಿಂದ ಹೆಗಲಿಗೆ ಕೈಕೊಟ್ಟು ನೂಕಿದ. ಅವನ ಕೈತುಂಬ ಹಳದಿ ಬಣ್ಣ. ಹಸಿರು ಸೀರೆಯ ಮೇಲೆ ಐದೂ ಬೆರಳು ಮೂಡಿದವು. ಅವ್ವ ಬಾಗಿಲಲ್ಲಿ ತಿರುಗಿ ನಿಂತು ಬೈದಳು. ರೈಲು ಹೊರಟರೂ ಬೈಯುತ್ತಲೇ ಇದ್ದಳು. ನಾನು ಅಣ್ಣನ ಕಾಲಿನ ಹಿಂದೆ ಅವಿತಿದ್ದೆ, ಮುಖ ಕಾಣಲಿಲ್ಲ.

"ಹ್ಯಾಂಗ ಬೈದ್ಲು? ಆಕಿ ಬೈದಂಗೇ ಬೈರಿ."

"ಬ್ಯಾಡವ. ಈಗ ಅನ್ನೂ ಮಾತಲ್ಲ ಅದು."

"ಅನ್ರಿ ಅತ್ತಿ."

ಕೂತು ಹೇಳಲು ಬರಲಿಲ್ಲ. ನಮ್ಮವ್ವ ಎಂದೂ ಕೂತು ಬೈದವಳಲ್ಲ. ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅಷ್ಟು ದೊಡ್ಡ ದನಿ ನನ್ನ ಗಂಟಲಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

"ನಿನ್ನ ಹೆಣಾ ಎತ್ಲಿ ಕಾಶ್ಯಾ! ಇದ್ದೊಂದು ಸೀರಿ ಹಾಳು ಮಾಡ್ದಿ! ನಿನ್ನ ಕೈಗೆ ಹುಳಾ ಬೀಳ್ಲಿ! ಸುಂದ್ರಿಗಿ ಹೊಟ್ಟಿ ತುಂಬ ಹಾಕು, ಇಲ್ಲಂದ್ರ ತಿರುಗಿ ಬಂದು ನಿನ್ನ ಚರ್ಮಾ ಸುಲೀತೇನಿ, ಕೇಳಿಸ್ತೇನೋ ಭಾಡ್ಯಾ!"

ಸುಜಾತಾ ನಗುತ್ತ ನಗುತ್ತ ಎದ್ದು ನಿಂತುಬಿಟ್ಟಳು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು.

"ಯಾಕ್ರಿ ಸುಂದ್ರಾಬಾಯಿ, ಏನಾತು? ಯಾರಿಗ ಬೈಲತ್ತೀರಿ?"

ಸುಜಾತಾ ಓಢಣಿಯಿಂದ ಕಣ್ಣೊರೆಸಿಕೊಂಡಳು. "ಅತ್ತಿ ಅಲ್ರಿ ಮೌಶಿ" ಎಂದಳು. "ನಮ್ಮಜ್ಜಿ ಬೈಲತ್ತಾಳ."